ಸಾಗವಾನಿ ಹಡಗು, ಲಿಂಬೆ ಕಟ್ಟಿಗೆ

ನಮ್ಮ ಹಳೆ ಬಾಗಲಕೋಟೆಯ ಮನೆ ಆಲಮಟ್ಟಿ ಹಿನ್ನೀರಿಗೆ ಹೋಗುವಾಗ ಅಪ್ಪ ಅಲ್ಲಿಂದ ತಲೆಬಾಗಿಲು, ಎರಡು ಕಂಬ, ಒಂದು ತೊಲೆ ಕಳಚಿ ನವನಗರಕ್ಕೆ ತಂದಿದ್ದರು. ತೊಲೆ ಸಾಗವಾನಿ. ಹತ್ತಾರು ವರ್ಷ ಹೊಗೆ ಕುಡಿದು ಕಪ್ಪಾಗಿತ್ತು, ಆದರೆ ಉಳಿ ತಾಗಿಸಿದರೆ ಒಳಗೆ ಇನ್ನೂ ಎಣ್ಣೆ ವಾಸನೆ. ಸಾಗವಾನಿಯಲ್ಲೇ ಕಟ್ಟಿದ ಒಂದು ಹಳೆಯ ಹಾಯಿಹಡಗಿನ ಸಣ್ಣ ಮಾದರಿ ಮಾಡಬೇಕು ಅಂತ ಹೊರಟಾಗ ನನಗೆ ಮೊದಲು ನೆನಪಾಗಿದ್ದು ಆ ತೊಲೆಯೇ. ಹಡಗೂ ಸಾಗವಾನಿ, ಮಾದರಿಯೂ ಸಾಗವಾನಿ, ಇದಕ್ಕಿಂತ ಚೆಂದ ಇನ್ನೇನು ಬೇಕು ಅಂದುಕೊಂಡಿದ್ದೆ. ಕೊನೆಗೆ ಆ ತೊಲೆಯಿಂದ ಬಂದಿದ್ದು ಒಂದೇ ಒಂದು ಭಾಗ. ಉಳಿದ ಹಡಗು ಇಂಡಿ ಕಡೆಯ ಲಿಂಬೆ ಗಿಡದ್ದು. ಯಾಕೆ ಹೀಗಾಯಿತು ಅನ್ನುವುದು ತಿಳಿದರೆ ಮಾದರಿ ಕಟ್ಟುವ ಕೆಲಸದ ಅರ್ಧ ಗುಟ್ಟು ತಿಳಿದ ಹಾಗೆ, ಅದನ್ನೇ ಬಿಡಿಸಿ ಹೇಳುತ್ತೇನೆ.

ಮೊದಲು ಹಡಗಿನ ಬಗ್ಗೆ. ಹೆಸರು ಎಚ್‌ಎಂಎಸ್ ಟ್ರಿಂಕೋಮಲಿ. ಬ್ರಿಟಿಷ್ ನೌಕಾಪಡೆಯದು, ಆದರೆ ಕಟ್ಟಿದ್ದು ಮುಂಬೈಯಲ್ಲಿ, ವಾಡಿಯಾ ಎಂಬ ಪಾರ್ಸಿ ಮನೆತನದವರು. ನೆಪೋಲಿಯನ್ ಜೊತೆಗಿನ ಯುದ್ಧಗಳಲ್ಲಿ ಇಂಗ್ಲೆಂಡಿನ ಓಕ್ ಮರ ಸಾಲದೆ ಬಂದಾಗ ಮಲಬಾರಿನ ಸಾಗವಾನಿಯಲ್ಲಿ ಇಲ್ಲೇ ಹಡಗು ಕಟ್ಟಿಸಲು ಶುರು ಮಾಡಿದರು. ಸಾಗವಾನಿಗೆ ಒಂದು ದೊಡ್ಡ ಗುಣ ಇದೆ. ಓಕ್ ಮರದ ಹುಳಿ ಅಂಶ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ, ಸಾಗವಾನಿಯ ಎಣ್ಣೆ ಅದೇ ಮೊಳೆಯನ್ನು ಕಾಯುತ್ತದೆ. ಕೀಲ್ ಇಡುವಾಗ, ಅಂದರೆ ಹಡಗಿನ ಬೆನ್ನೆಲುಬಿನ ತೊಲೆ ಕೂರಿಸುವಾಗ, ಮುಖ್ಯ ಶಿಲ್ಪಿ ಜಮ್ಶೆಟ್‌ಜಿ ಬೊಮನ್‌ಜಿ ವಾಡಿಯಾ ಪಾರ್ಸಿ ಪದ್ಧತಿಯಂತೆ ಅದಕ್ಕೆ ಒಂದು ಬೆಳ್ಳಿ ಮೊಳೆ ಹೊಡೆದರು. 1817ರ ಅಕ್ಟೋಬರ್ 12ರಂದು ಹಡಗು ನೀರಿಗಿಳಿಯಿತು. ಇವತ್ತಿಗೂ ಅದು ಇಂಗ್ಲೆಂಡಿನ ಹಾರ್ಟಲ್‌ಪೂಲ್ ಊರಿನಲ್ಲಿ ನೀರಿನ ಮೇಲೆ ನಿಂತಿದೆ. ಇನ್ನೂರು ವರ್ಷ ದಾಟಿದ ಮರ!

ಇದರ ತೋಪಿನ ಡೆಕ್ಕಿನ, ಅಂದರೆ ಫಿರಂಗಿ ಸಾಲು ನಿಲ್ಲುವ ಅಂತಸ್ತಿನ, ಉದ್ದ ಸುಮಾರು 150 ಅಡಿ, ಅಂದರೆ ಹೆಚ್ಚುಕಮ್ಮಿ 46 ಮೀಟರ್. ಅಗಲ ಸುಮಾರು 12 ಮೀಟರ್. ಈ ಅಂಕಿ ಸುಮ್ನೆ ಓದಿದರೆ ತಲೆಗೆ ಇಳಿಯುವುದಿಲ್ಲ. ವಿಜಯಪುರದ ಗೋಳಗುಮ್ಮಟವನ್ನು ಎಲ್ಲರೂ ನೋಡಿರುತ್ತೀರಿ, ಅಲ್ವಾ? ಅದರ ಗುಮ್ಮಟದ ಹೊರ ಅಡ್ಡಳತೆ ಸುಮಾರು 44 ಮೀಟರ್. ಆ ಗುಮ್ಮಟದ ಈ ಅಂಚಿನಿಂದ ಆ ಅಂಚಿಗೆ ಒಂದು ಹಡಗು ಇಟ್ಟರೆ ಎಷ್ಟೋ, ಅಷ್ಟು. ನಾನು ಮಾಡುತ್ತಿರುವುದು 1:64 ಅಳತೆಯ ಮಾದರಿ. ನಿಜದ 64 ಸೆಂ.ಮೀ. ಇಲ್ಲಿ 1 ಸೆಂ.ಮೀ. ಹಾಗಾಗಿ ಡೆಕ್ಕಿನ ಉದ್ದ ಸುಮಾರು 72 ಸೆಂ.ಮೀ., ಅಗಲ 19 ಸೆಂ.ಮೀ. ಅದರ ಮೇಲೆ ನಿಲ್ಲುವ ಐದೂವರೆ ಅಡಿಯ ಮನುಷ್ಯ ಎರಡೂವರೆ ಸೆಂ.ಮೀ.ಗಿಂತ ಒಂದು ಚೂರು ಎತ್ತರ. ನಿಮ್ಮ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು.

ಈಗ ತೊಲೆಯ ವಿಷಯ. ನಾನು ಅದರಿಂದ ಒಂದು ತೆಳು ಪಟ್ಟಿ ಸೀಳಿ, ಉಜ್ಜಿ, ಎಣ್ಣೆ ಹಚ್ಚಿ ನೋಡಿದೆ. ಚೆಂದವೇ ಇತ್ತು. ಆದರೆ ಅದರ ಪಕ್ಕ ಹೆಬ್ಬೆರಳ ಗೆಣ್ಣಿನಷ್ಟು ಎತ್ತರದ ಆ ಮನುಷ್ಯನನ್ನು ಕಲ್ಪಿಸಿಕೊಂಡ ಕೂಡಲೇ ತಪ್ಪು ಕಂಡಿತು. ಸಾಗವಾನಿಯ ಮೈಯಲ್ಲಿ ಕಣ್ಣಿಗೆ ಕಾಣುವ ಸಣ್ಣ ತೂತುಗಳಿರುತ್ತವೆ, ಸುಮಾರು ಕಾಲು ಮಿ.ಮೀ. ಅಗಲದವು. ಅದನ್ನು 64ರಿಂದ ಗುಣಿಸಿ. 16 ಮಿ.ಮೀ. ಅಂದರೆ ಆ ಪುಟ್ಟ ನಾವಿಕನ ಲೆಕ್ಕದಲ್ಲಿ ಡೆಕ್ಕಿನ ತುಂಬ ಬೆರಳು ತೂರಿಸುವಷ್ಟು ದೊಡ್ಡ ಗುಂಡಿಗಳು. ವರ್ಷದ ಉಂಗುರಗಳ ನಡುವಿನ ಅಂತರ 3 ಮಿ.ಮೀ. ಇದ್ದರೆ ಅವನ ಲೆಕ್ಕದಲ್ಲಿ ಅದು 19 ಸೆಂ.ಮೀ. ಅಂಥ ಮರ ಭೂಮಿಯ ಮೇಲೆ ಎಲ್ಲೂ ಇಲ್ಲ.

ಇದೇ ಗುಟ್ಟು. ಹಡಗನ್ನು ನಾವು ಚಿಕ್ಕದು ಮಾಡುತ್ತೇವೆ, ಮರ ಚಿಕ್ಕದಾಗುವುದಿಲ್ಲ. ನೂಲು ಚಿಕ್ಕದಾಗುವುದಿಲ್ಲ, ಬಣ್ಣದ ಪದರ ಚಿಕ್ಕದಾಗುವುದಿಲ್ಲ, ತಾಮ್ರದ ತಗಡೂ ಚಿಕ್ಕದಾಗುವುದಿಲ್ಲ. ಮಾದರಿಯ ಪ್ರತಿ ಹಂತದಲ್ಲೂ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು 64 ಪಟ್ಟು ದೊಡ್ಡದು ಮಾಡಿದರೆ ಏನಾಗಿ ಕಾಣುತ್ತದೆ?

ಹೊರಗಿನ ದೇಶಗಳಲ್ಲಿ ಈ ಕೆಲಸಕ್ಕೆ ಬಾಕ್ಸ್‌ವುಡ್, ಪೇರ್ ಮರ ಬಳಸುತ್ತಾರೆ. ಎರಡರದ್ದೂ ಮೈ ತುಂಬ ಬಿಗಿ, ಎಳೆ ಕಣ್ಣಿಗೆ ಕಾಣುವುದಿಲ್ಲ. ನಮ್ಮಲ್ಲಿ ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆ ಮರ ಇದೆ, ಬಿಳಿ, ನುಣುಪು, ಆದರೆ ಸ್ವಲ್ಪ ಮೆತ್ತಗೆ. ನನ್ನ ಕೈಗೆ ಸಿಕ್ಕಿದ್ದು ಇನ್ನೊಂದು. ಇಂಡಿ ಹತ್ತಿರದ ನಮ್ಮ ಬೀಗರ ತೋಟದಲ್ಲಿ ಒಣಗಿದ ಹಳೆ ಲಿಂಬೆ ಗಿಡಗಳನ್ನು ಕಿತ್ತು ಉರುವಲಿಗೆ ರಾಶಿ ಹಾಕಿದ್ದರು. ತೊಡೆ ದಪ್ಪದ ಒಂದು ತುಂಡು ಕೊಯ್ದು ನೋಡಿದರೆ ಒಳಗೆ ತಿಳಿ ಹಳದಿ, ಬೆಣ್ಣೆಯಂಥ ಮೈ, ಗಟ್ಟಿ, ಒಂದೇ ಒಂದು ತೂತು ಕಾಣುವುದಿಲ್ಲ. ಲಿಂಬೆ, ಕಿತ್ತಳೆ ಜಾತಿಯ ಮರಗಳೆಲ್ಲ ಹೀಗೆ ಬಿಗಿ ಮೈಯವು. ಕಾಂಡ ಸಣ್ಣದು, ಉದ್ದ ಹಲಗೆ ಬರುವುದಿಲ್ಲ ಅನ್ನುವ ಚಿಂತೆ ಬೇಡ. ನಿಜದ ಹಡಗಿನಲ್ಲೂ ಮೂತಿಯಿಂದ ಹಿಂದಿನವರೆಗೆ ಒಂದೇ ಹಲಗೆ ಇರಲಿಲ್ಲ. 25 ಅಡಿ ಉದ್ದದ ಹಲಗೆಗಳನ್ನು ಒಂದರ ತುದಿಗೆ ಒಂದು ಜೋಡಿಸುತ್ತಿದ್ದರು. 1:64ರಲ್ಲಿ 25 ಅಡಿ ಎಂದರೆ 12 ಸೆಂ.ಮೀ. ಲಿಂಬೆ ಗಿಡಕ್ಕೆ ಅಷ್ಟು ಕೊಡುವುದು ಏನೂ ಕಷ್ಟವಲ್ಲ.

ಕಟ್ಟಿಗೆ ತಂದ ದಿನವೇ ಸೀಳಿ ಕೆಲಸಕ್ಕೆ ಇಡಬಾರದು. ನಮ್ಮ ಓಣಿಯ ಬಡಿಗೇರ ಅಜ್ಜ ಅದನ್ನು ಕೈಯಲ್ಲಿ ತೂಗಿ ನೋಡಿ, "ತಮ್ಮಾ, ಇದು ಇನ್ನೂ ಉಸುರಾಡತೈತಿ. ಒಂದ್ ಬ್ಯಾಸಗಿ ಕಾಯಿ" ಅಂದರು. ನಾನು ಕಾಯದೆ ಆ ಮೊದಲು ಒಂದು ಸಣ್ಣ ದೋಣಿ ಮಾಡಿ ಕೈ ಸುಟ್ಟುಕೊಂಡಿದ್ದೆ. ಮಳೆಗಾಲದಲ್ಲಿ ಹಲಗೆ ಕೂರಿಸಿದ್ದೆ, ಏಪ್ರಿಲ್‌ನಲ್ಲಿ ಹಲಗೆಗಳ ನಡುವೆ ಬಿರುಕು ಬಿಟ್ಟು ಬೆಳಕು ಕಂಡಿತು. ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆಂಬಷ್ಟು ಕಡಿಮೆ, ಅಡ್ಡಕ್ಕೆ ಕುಗ್ಗುತ್ತದೆ. ನೂರಕ್ಕೆ ಎರಡರಷ್ಟು ಕುಗ್ಗಿದರೂ 16 ಸೆಂ.ಮೀ. ಹಲಗೆ ಹೊದಿಕೆಯಲ್ಲಿ 3 ಮಿ.ಮೀ. ಹೋಯಿತು. ಬಾಗಲಕೋಟೆಯ ಬೇಸಿಗೆ 40 ಡಿಗ್ರಿ ದಾಟಿದಾಗ ಯಾವ ಅಂಟೂ ಅದನ್ನು ತಡೆಯುವುದಿಲ್ಲ. ಹಾಗಾಗಿ ಈ ಸಲ ತುಂಡುಗಳ ಎರಡೂ ತುದಿಗೆ ಮೇಣ ಬಳಿದು, ಅರ್ಧ ಇಂಚಿನ ಹಲಗೆ ಮಾಡಿ, ನಡುವೆ ಕಡ್ಡಿ ಕೊಟ್ಟು ನೆರಳಲ್ಲಿ ಪೇರಿಸಿಟ್ಟೆ. ತುದಿಗೆ ಮೇಣ ಯಾಕೆ ಅಂದರೆ ಮರದ ನೀರು ತುದಿಯಿಂದ ಬೇಗ ಹೋಗುತ್ತದೆ, ಬೇಗ ಹೋದ ಕಡೆ ಸೀಳುತ್ತದೆ.

ಆ ಒಂದು ವರ್ಷದಲ್ಲಿ ನಕ್ಷೆ ಓದಲು ಕಲಿತೆ. ಹೊಸಬರು ಹೆದರುವುದು ಇಲ್ಲೇ, ಆದರೆ ಅಡುಗೆಮನೆಯ ಒಂದು ಸೌತೆಕಾಯಿ ಸಾಕು ಇದು ಅರ್ಥವಾಗಲು.

ಹಡಗಿನ ಒಡಲಿನಲ್ಲಿ ಎಲ್ಲೂ ಸಪಾಟು ಜಾಗ ಇಲ್ಲ, ನೇರ ಗೆರೆ ಇಲ್ಲ. ಅಂಥ ಆಕಾರವನ್ನು ಕಾಗದದ ಮೇಲೆ ಹೇಗೆ ಹಿಡಿಯುವುದು? ಕೊಯ್ದು ಹಿಡಿಯುತ್ತಾರೆ. ಸೌತೆಕಾಯಿಯನ್ನು ಅಡ್ಡಕ್ಕೆ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ. ತುದಿಯ ಬಿಲ್ಲೆ ಸಣ್ಣದು, ನಡುವಿನದು ದೊಡ್ಡದು. ಈ ಬಿಲ್ಲೆಗಳ ಅಂಚನ್ನೆಲ್ಲ ಒಂದರ ಮೇಲೊಂದು ಬರೆದರೆ ಅದು ಹಡಗಿನ ಅಡ್ಡ ನಕ್ಷೆ. ಹಡಗಿನ ಎಡ ಬಲ ಒಂದೇ ಥರ ಇರುವುದರಿಂದ ಪೂರ್ತಿ ಬಿಲ್ಲೆ ಬರೆಯುವ ಅಗತ್ಯ ಇಲ್ಲ. ಹಾಗಾಗಿ ನಕ್ಷೆಯ ಬಲಕ್ಕೆ ಹಡಗಿನ ಮುಂಭಾಗದ ಅರ್ಧ ಬಿಲ್ಲೆಗಳು, ಎಡಕ್ಕೆ ಹಿಂಭಾಗದ ಅರ್ಧ ಬಿಲ್ಲೆಗಳು. ಇದು ಗೊತ್ತಿಲ್ಲದೆ ನೋಡಿದರೆ ವಾರೆಯಾದ ಈರುಳ್ಳಿಯಂತೆ ಕಾಣುತ್ತದೆ, ಗೊತ್ತಾದ ಮೇಲೆ ಇಡೀ ಹಡಗು ಅದರಲ್ಲೇ ಕಾಣುತ್ತದೆ. ಇನ್ನೊಂದು ಸೌತೆಕಾಯಿಯನ್ನು ಮಲಗಿಸಿ, ನೀರಿನ ಮಟ್ಟಕ್ಕೆ ಸಮನಾಗಿ ಪದರ ಪದರವಾಗಿ ಸೀಳಿದರೆ ಸಿಗುವುದು ಮೇಲಿನಿಂದ ನೋಡುವ ನಕ್ಷೆ. ಪಕ್ಕದಿಂದ ನಿಂತು ನೋಡುವುದು ಮೂರನೆಯದು. ಮೂರೂ ನಕ್ಷೆಗಳಲ್ಲಿ ಒಂದೇ ಬಿಂದುವಿನ ಅಳತೆ ಒಂದೇ ಬರಬೇಕು. ಬರದಿದ್ದರೆ ನಕ್ಷೆ ತಪ್ಪು, ಅಥವಾ ಝೆರಾಕ್ಸ್ ಮಾಡುವಾಗ ಕಾಗದ ಎಳೆದಿದೆ. ಈ ಎರಡನೆಯದು ತುಂಬ ಸಲ ಆಗುತ್ತದೆ, ಪ್ರಿಂಟ್ ತೆಗೆದ ಕೂಡಲೇ ಸ್ಕೇಲು ಇಟ್ಟು ಉದ್ದ ಮತ್ತು ಅಗಲ ಎರಡನ್ನೂ ಅಳೆಯಿರಿ.

ಒಡಲು ಕಟ್ಟಲು ಮೂರು ದಾರಿ ಇವೆ. ಒಂದು ಗಟ್ಟಿ ಮರದ ದಿಮ್ಮಿಯನ್ನೇ ಕೆತ್ತುವುದು. ಇನ್ನೊಂದು, ನಿಜದ ಹಡಗಿನಂತೆಯೇ ಒಂದೊಂದು ಪಕ್ಕೆಲುಬನ್ನೂ ತುಂಡು ತುಂಡಾಗಿ ಜೋಡಿಸಿ ನಿಲ್ಲಿಸುವುದು. 17ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ನೌಕಾ ಮಂಡಳಿಗಾಗಿ ಮಾಡಿದ ಮಾದರಿಗಳಲ್ಲಿ ಕೆಳಭಾಗಕ್ಕೆ ಹಲಗೆಯನ್ನೇ ಹೊದಿಸದೆ ಪಕ್ಕೆಲುಬು ಕಾಣುವಂತೆ ಬಿಡುತ್ತಿದ್ದರು, ಅವುಗಳ ಸಾಮಾನ್ಯ ಅಳತೆ 1:48. ಅದು ಈ ಕಲೆಯ ತುತ್ತತುದಿ. ನಡುವಿನ ದಾರಿ ನಾನು ಹಿಡಿದದ್ದು. ಉದ್ದಕ್ಕೆ ಒಂದು ಬೆನ್ನು ಹಲಗೆ, ಅದಕ್ಕೆ ಅಡ್ಡಡ್ಡ ಕಚ್ಚು ಹಾಕಿ ಇಪ್ಪತ್ತರಷ್ಟು ಪ್ಲೈವುಡ್ ಬಿಲ್ಲೆಗಳು, ಅವುಗಳ ಮೇಲೆ ಹಲಗೆ ಹೊದಿಕೆ. ಸೌತೆಕಾಯಿ ಬಿಲ್ಲೆಗಳನ್ನು ಮತ್ತೆ ಕಡ್ಡಿಗೆ ಪೋಣಿಸಿದ ಹಾಗೆ. ಮೊದಲ ದೊಡ್ಡ ಹಡಗಿಗೆ ಇದೇ ಸರಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈ ಬೆನ್ನು ಹಲಗೆಯ ಕೆಳಗೆ ಕೂರುವ ಕೀಲ್ ಇದೆಯಲ್ಲ, ಅದೊಂದು ಮಾತ್ರ ನಮ್ಮ ಮನೆಯ ತೊಲೆಯಿಂದ ಮಾಡಿದೆ. ಅದಕ್ಕೆ ತಾಮ್ರ ಹೊದಿಸುವುದರಿಂದ ಮರದ ತೂತು ಹೊರಗೆ ಕಾಣುವುದಿಲ್ಲ, ಹಾಗಾಗಿ ಸಾಗವಾನಿ ನಡೆಯುತ್ತದೆ. ಒಂದು ಎಚ್ಚರ: ಸಾಗವಾನಿಯ ಎಣ್ಣೆ ಮೊಳೆಗೆ ಒಳ್ಳೆಯದು, ಅಂಟಿಗೆ ಒಳ್ಳೆಯದಲ್ಲ. ಅಂಟಿಸುವ ಸ್ವಲ್ಪ ಮೊದಲು ಬಟ್ಟೆಗೆ ಥಿನ್ನರ್ ತಾಗಿಸಿ ಮೈ ಒರೆಸಿ, ಆರಿದ ಕೂಡಲೇ ಫೆವಿಕಾಲ್ ಹಚ್ಚಬೇಕು. ಬಿಟ್ಟರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ.

ಬಿಲ್ಲೆಗಳನ್ನು ಕೂರಿಸಿದ ಮೇಲೆ ಹಲಗೆ ಹೊದಿಸಲು ಕೈ ತುರಿಸುತ್ತದೆ, ಆದರೆ ನಿಲ್ಲಿ. ಬಿಲ್ಲೆಯ ಅಂಚು ಚೌಕ ಇದೆ, ಹಲಗೆ ಮಾತ್ರ ಮೂತಿಯ ಕಡೆ ಓರೆಯಾಗಿ ಬಾಗಿ ಬರುತ್ತದೆ. ಚೌಕ ಅಂಚಿನ ಒಂದು ಮೂಲೆ ಮಾತ್ರ ಹಲಗೆಗೆ ತಾಗಿದರೆ ಅಂಟು ಹಿಡಿಯುವುದಿಲ್ಲ, ಆಕಾರವೂ ಉಬ್ಬಿ ತಗ್ಗಿ ಕಾಣುತ್ತದೆ. ಹಾಗಾಗಿ ಪ್ರತಿ ಬಿಲ್ಲೆಯ ಅಂಚನ್ನೂ ಹಲಗೆ ಬರುವ ಕೋನಕ್ಕೆ ಓರೆಯಾಗಿ ಉಜ್ಜಬೇಕು. ನಡುವಿನ ಬಿಲ್ಲೆಗಳಿಗೆ ಇದು ಹೆಚ್ಚುಕಮ್ಮಿ ಬೇಡವೇ ಬೇಡ, ಮೂತಿಗೆ ಹತ್ತಿರವಾದಂತೆ ಜಾಸ್ತಿ. ಪರೀಕ್ಷೆ ಸುಲಭ. ಒಂದು ತೆಳು ಉದ್ದ ಪಟ್ಟಿಯನ್ನು ಮೂತಿಯಿಂದ ಹಿಂಬದಿಯವರೆಗೆ ಬಿಲ್ಲೆಗಳ ಮೇಲೆ ಒರಗಿಸಿ ಕಣ್ಣು ಹಾಯಿಸಿ. ಎಲ್ಲೂ ಎಗರಬಾರದು, ಎಲ್ಲೂ ಒಳಗೆ ಬೀಳಬಾರದು. ನಾನು ಇದಕ್ಕೆ ಹದಿನೈದು ದಿನ ತೆಗೆದುಕೊಂಡೆ. ಇಲ್ಲಿ ಉಳಿಸಿದ ಒಂದು ದಿನ ಮುಂದೆ ಒಂದು ತಿಂಗಳು ತಿನ್ನುತ್ತದೆ.

ಈಗ ಹಲಗೆ. ಇಡೀ ಕೆಲಸದಲ್ಲಿ ಎಲ್ಲರೂ ಎಡವುವ ಜಾಗ ಇದು, ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ಕುಂಬಳಕಾಯಿ ನೆನಪಿಸಿಕೊಳ್ಳಿ. ಅದರ ಮೈ ಮೇಲಿನ ಎಸಳುಗಳು ನಡುವಲ್ಲಿ ಅಗಲ, ತೊಟ್ಟಿನ ಕಡೆಗೂ ಕೆಳಗೂ ಕಿರಿದು. ಎಸಳು ಎಲ್ಲ ಕಡೆ ಒಂದೇ ಅಗಲ ಇದ್ದಿದ್ದರೆ ಕುಂಬಳಕಾಯಿ ದುಂಡಗೆ ಆಗುತ್ತಲೇ ಇರಲಿಲ್ಲ, ಕೊಳವೆ ಆಗುತ್ತಿತ್ತು. ಹಡಗಿನ ಹಲಗೆಯೂ ಹಾಗೆಯೇ. ನನ್ನ ಮಾದರಿಯಲ್ಲಿ ನಡು ಒಡಲಿನ ಸುತ್ತಳತೆ ಒಂದು ಬದಿಗೆ 16.2 ಸೆಂ.ಮೀ. ಇದೆ, ಮೂತಿಯಲ್ಲಿ ಕೇವಲ 10 ಸೆಂ.ಮೀ. ನಡುವಲ್ಲಿ 4.5 ಮಿ.ಮೀ. ಅಗಲದ ಹಲಗೆ ಇಟ್ಟರೆ 36 ಸಾಲು ಬೇಕು. ಅದೇ 36 ಸಾಲು ಮೂತಿಯ 10 ಸೆಂ.ಮೀ.ಯಲ್ಲಿ ಹಿಡಿಯಬೇಕಾದರೆ ಪ್ರತಿ ಹಲಗೆಯ ತುದಿ ಸುಮಾರು 2.8 ಮಿ.ಮೀ.ಗೆ ಕಿರಿದಾಗಬೇಕು. ಅಂಗಡಿಯಿಂದ ತಂದ ಒಂದೇ ಅಗಲದ ಪಟ್ಟಿಗಳನ್ನು ಹಾಗೇ ಅಂಟಿಸುತ್ತ ಹೋದರೆ ಏನಾಗುತ್ತದೆ? ಮೂತಿಯಲ್ಲಿ ಜಾಗ ಸಾಲದೆ ಪಟ್ಟಿಗಳು ಮೇಲಕ್ಕೆ ಹತ್ತಿ ಒಂದರ ಮೇಲೊಂದು ಏರುತ್ತವೆ, ಕೊನೆಗೆ ಚೂಪಾದ ಸೂಜಿಯಂಥ ತುಂಡುಗಳನ್ನು ತುರುಕಬೇಕಾಗುತ್ತದೆ. ನಿಜದ ಹಡಗು ಕಟ್ಟುವವರು ಸೂಜಿ ತುದಿ ಬಿಡುತ್ತಲೇ ಇರಲಿಲ್ಲ, ಯಾಕಂದರೆ ಅಂಥ ತುದಿಗೆ ಮೊಳೆ ನಿಲ್ಲುವುದಿಲ್ಲ. ತುದಿ ಅರ್ಧಕ್ಕಿಂತ ಕಿರಿದಾಗುವ ಪರಿಸ್ಥಿತಿ ಬಂದರೆ ಎರಡು ಹಲಗೆ ನಿಲ್ಲಿಸಿ ಒಂದನ್ನು ಮುಂದುವರಿಸುತ್ತಿದ್ದರು. ಹಿಂಬದಿಯಲ್ಲಿ ಜಾಗ ಜಾಸ್ತಿಯಾದರೆ ಒಂದು ಹಲಗೆ ಎರಡಾಗುತ್ತಿತ್ತು.

ಇನ್ನು ಬಗ್ಗಿಸುವುದು. ಮರದ ಎಳೆಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಟು ಇದೆ, ಅದು ಬಿಸಿಗೆ ಮೆತ್ತಗಾಗಿ ತಣ್ಣಗಾದಾಗ ಮತ್ತೆ ಗಟ್ಟಿಯಾಗುತ್ತದೆ. ಬುಟ್ಟಿ ಹೆಣೆಯುವ ಮೇದಾರರು ಬಿದಿರು ಸಲಾಕೆ ನೆನೆಸುವುದನ್ನು, ಬೆಂಕಿಗೆ ಹಿಡಿಯುವುದನ್ನು ನೋಡಿದ್ದರೆ ಇದು ಹೊಸದಲ್ಲ. ಒಂದು ಮಿ.ಮೀ. ದಪ್ಪದ ಲಿಂಬೆ ಪಟ್ಟಿಯನ್ನು ಕುದಿಯುವ ನೀರಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಒಡಲಿನ ಮೇಲೆ ಒತ್ತಿ, ಬಟ್ಟೆ ಒಣಗಿಸುವ ಚಿಮಟ ಹಾಕಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಆ ಬಾಗು ನಿಂತಿರುತ್ತದೆ. ಒಣಗಿದ ಮೇಲೆಯೇ ಅಂಟು, ಒದ್ದೆ ಇರುವಾಗ ಅಂಟಿಸಿದರೆ ನನ್ನ ಮೊದಲ ದೋಣಿಯ ಗತಿ. ಆದರೆ ನೆನಪಿಡಿ, ಪಟ್ಟಿ ಅಗಲದ ಕಡೆ ಬಾಗುತ್ತದೆ, ಅಂಚಿನ ಕಡೆ ಬಾಗುವುದಿಲ್ಲ. ಅಳತೆ ಟೇಪನ್ನು ಸುತ್ತಬಹುದು, ಅದನ್ನೇ ಅಂಚಿನ ಮೇಲೆ ತಿರುವಿ ನೋಡಿ, ಮಡಚಿಕೊಳ್ಳುತ್ತದೆ. ಅಂಥ ಬಾಗು ಬೇಕಾದ ಕಡೆ ಅಗಲ ಹಲಗೆಯಿಂದ ಆ ಬಾಗಿನ ಆಕಾರವನ್ನೇ ಕತ್ತರಿಸಬೇಕು. ಕಾಗದ ಇಟ್ಟು ಖಾಲಿ ಜಾಗದ ಅಚ್ಚು ತೆಗೆದು ಕತ್ತರಿಸುವುದು, ಅಕ್ಕಸಾಲಿಗನ ತಾಳ್ಮೆ ಬೇಕು. ನನಗೆ ಒಂದು ಭಾನುವಾರಕ್ಕೆ ನಾಲ್ಕು ಹಲಗೆ ಆದರೆ ಅದು ಒಳ್ಳೆಯ ಭಾನುವಾರ.

ಹಲಗೆಗಳ ಸಂದಿಗೆ ನಿಜದಲ್ಲಿ ನಾರು ತುರುಕಿ ಡಾಂಬರಿನಂಥ ರಾಳ ಸುರಿಯುತ್ತಿದ್ದರು. ಮಾದರಿಯಲ್ಲಿ ಹಲಗೆಯ ಒಂದು ಅಂಚಿಗೆ ಪೆನ್ಸಿಲ್ ಎಳೆದರೆ ಸಾಕು. ಇಲ್ಲೇ ತುಂಬ ಜನ ಹದ ತಪ್ಪುತ್ತಾರೆ. ಕಪ್ಪು ಗೆರೆ ದಪ್ಪ ಮಾಡುತ್ತಾರೆ, ಪ್ರತಿ ಮೊಳೆಗೂ ಎದ್ದು ಕಾಣುವ ಚುಕ್ಕೆ ಇಡುತ್ತಾರೆ. ನಾನು ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಮಾದರಿಯನ್ನು ನಾವು ಅರ್ಧ ಮೀಟರ್ ದೂರದಿಂದ ನೋಡುತ್ತೇವೆ. 64ರಿಂದ ಗುಣಿಸಿದರೆ 32 ಮೀಟರ್. ನಿಜದ ಹಡಗನ್ನು 32 ಮೀಟರ್ ದೂರದಿಂದ ನೋಡುವಾಗ ಮೊಳೆಯ ತಲೆ ಕಾಣುತ್ತದಾ? ಇಲ್ಲ. ಹಾಗಾದರೆ ಇಲ್ಲೂ ಅದು ಕಣ್ಣಿಗೆ ಹೊಡೆಯಬಾರದು. ಹತ್ತಿರ ಬಗ್ಗಿದವರಿಗೆ ಮಾತ್ರ ಸಿಗಬೇಕು.

ತಾಮ್ರದ ವಿಷಯದಲ್ಲಿ ಈ ಲೆಕ್ಕ ಇನ್ನೂ ಜಾಸ್ತಿ ಉಪಯೋಗಕ್ಕೆ ಬಂತು. ಸಮುದ್ರದಲ್ಲಿ ಮರ ಕೊರೆಯುವ ಒಂದು ಜೀವಿ ಇದೆ, ಹಡಗು ಹುಳು ಅಂತಾರೆ, ನಿಜಕ್ಕೂ ಅದು ಹುಳು ಅಲ್ಲ, ಚಿಪ್ಪಿನ ಜಾತಿ. ಅದರಿಂದ ಪಾರಾಗಲು ಬ್ರಿಟಿಷರು 1761ರಲ್ಲಿ ಅಲಾರ್ಮ್ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿ ನೋಡಿದರು, ಮುಂದೆ ಅದು ಇಡೀ ನೌಕಾಪಡೆಗೆ ಬಂತು. ಒಂದು ತಗಡು 4 ಅಡಿ ಉದ್ದ, 14 ಇಂಚು ಅಗಲ. 1:64ರಲ್ಲಿ 19 ಮಿ.ಮೀ. ಮತ್ತು ಐದೂವರೆ ಮಿ.ಮೀ. ದಪ್ಪ ನಿಜದಲ್ಲೇ ಒಂದು ಮಿ.ಮೀ. ಆಸುಪಾಸು, ಅದರ 64ನೇ ಒಂದು ಭಾಗ ಅಂದರೆ 0.016 ಮಿ.ಮೀ. ಬಣ್ಣದ ಗಾಜು ಜೋಡಿಸುವವರು ಬಳಸುವ ಅಂಟು ತಾಮ್ರದ ಪಟ್ಟಿ ಸಿಗುತ್ತದೆ, ಅದು ಅದಕ್ಕಿಂತ ಸ್ವಲ್ಪ ದಪ್ಪ, ಆದರೂ ಕಣ್ಣು ಒಪ್ಪುತ್ತದೆ. ತಗಡುಗಳನ್ನು ಹಿಂದಿನಿಂದ ಮುಂದಕ್ಕೆ ಕೂರಿಸುತ್ತ ಬರಬೇಕು, ಮುಂದಿನ ತಗಡು ಹಿಂದಿನದರ ಮೇಲೆ ಬರಬೇಕು. ಮನೆಗೆ ಹಂಚು ಹೊದಿಸುವಾಗಿನ ತರ್ಕವೇ, ನೀರು ಹರಿಯುವ ದಿಕ್ಕಿಗೆ ಬಾಯಿ ತೆರೆದಿರಬಾರದು.

ತೋಪಿನ ಕಿಂಡಿಗಳ ಬಗ್ಗೆ ಒಂದೇ ಮಾತು. ಡೆಕ್ಕು ಮುಂದೆ ಹಿಂದೆ ಸ್ವಲ್ಪ ಏರುತ್ತದೆ, ಕಿಂಡಿಗಳ ಸಾಲೂ ಅದರ ಜೊತೆ ಏರುತ್ತದೆ, ಆದರೆ ಕಿಂಡಿಯ ಪಕ್ಕದ ಅಂಚುಗಳು ನೀರಿನ ಮಟ್ಟಕ್ಕೆ ನೆಟ್ಟಗೇ ಇರಬೇಕು. ಅಂದರೆ ತುದಿಯ ಕಿಂಡಿಗಳು ಪೂರ್ತಿ ಚೌಕವಲ್ಲ, ಚೂರು ವಾರೆ. ಇದನ್ನು ಮರೆತರೆ ಹಡಗು ಕುಡಿದವನ ಹಾಗೆ ಕಾಣುತ್ತದೆ.

ಇಷ್ಟೆಲ್ಲ ಆದ ಮೇಲೆ ಒಂದು ಸಂಜೆ ಹಡಗನ್ನು ಕೈಗೆತ್ತಿಕೊಂಡು ತೂಗಿ ನೋಡಿ ಅಚ್ಚರಿಪಟ್ಟೆ. ಉದ್ದ 64 ಪಟ್ಟು ಕಮ್ಮಿ ಆದರೆ ತೂಕ 64 ಪಟ್ಟು ಕಮ್ಮಿ ಆಗುವುದಲ್ಲ. ಉದ್ದ, ಅಗಲ, ಎತ್ತರ ಮೂರೂ ಕಮ್ಮಿ ಆಗುವುದರಿಂದ 64 ಸಲ 64 ಸಲ 64, ಅಂದರೆ 2,62,144 ಪಟ್ಟು ಕಮ್ಮಿ. 1400 ಟನ್ ಮೀರುವ ಹಡಗು ಮಾದರಿಯಲ್ಲಿ ಐದೂವರೆ ಕಿಲೋ. ಇದು ಸುಮ್ನೆ ಮೋಜಿನ ಲೆಕ್ಕ ಅಲ್ಲ. ಮುಂದೆ ಹಗ್ಗ ಕಟ್ಟುವಾಗ ಇದೇ ಲೆಕ್ಕ ಎದುರಿಗೆ ಬಂದು ನಿಲ್ಲುತ್ತದೆ.

ಹಗ್ಗಕ್ಕೆ ಮೊದಲು ಕೂವೆಮರ, ಅಂದರೆ ಹಾಯಿ ಕಟ್ಟುವ ಕಂಬ. ಮೂರು ಕಂಬ, ಪ್ರತಿಯೊಂದೂ ಮೂರು ತುಂಡು, ಒಂದರ ತಲೆಗೆ ಇನ್ನೊಂದರ ಕಾಲು ಸೇರಿಸಿದ್ದು. ಕಂಬವನ್ನು ನೇರವಾಗಿ ದುಂಡಗೆ ಉಜ್ಜಲು ಹೋದರೆ ಮೊಟ್ಟೆಯಾಕಾರ ಆಗುತ್ತದೆ. ಮೊದಲು ಚೌಕ ಕಡ್ಡಿ, ಅದನ್ನು ತುದಿಗೆ ಕಿರಿದಾಗುವಂತೆ ಹೆರೆದು, ಆಮೇಲೆ ಎಂಟು ಮೂಲೆ, ಆಮೇಲೆ ಹದಿನಾರು, ಆಮೇಲೆ ದುಂಡಗೆ. ಎಂಟು ಮೂಲೆ ಸರಿಯಾಗಿ ಬರಲು ಚೌಕದ ಒಂದು ಬದಿಯನ್ನು 24 ಭಾಗ ಮಾಡಿ 7, 10, 7 ಭಾಗ ಬರುವಂತೆ ಎರಡು ಗೆರೆ ಎಳೆದು, ಹೊರಗಿನ ಏಳೇಳು ಭಾಗದ ಮೂಲೆಗಳನ್ನು ಹೆರೆಯಬೇಕು. ನಾನು ಇದನ್ನು ಬಡಿಗೇರ ಅಜ್ಜನಿಗೆ ತೋರಿಸಿದೆ. ಅವರು ಗೆರೆ ಎಳೆಯದೆ ಕಣ್ಣಳತೆಯಲ್ಲೇ ಎಂಟು ಮೂಲೆ ತೆಗೆದು ಕೊಟ್ಟರು, ಸ್ಕೇಲು ಇಟ್ಟರೆ ಕೂದಲೆಳೆ ವ್ಯತ್ಯಾಸ ಇರಲಿಲ್ಲ. ಜೀವಮಾನವೆಲ್ಲ ಕೂರಿಗೆ, ಚಕ್ಕಡಿ ಮಾಡಿದ ಕೈ ಅದು.

ಹಗ್ಗಗಳಲ್ಲಿ ಎರಡು ಜಾತಿ. ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಯ ಟೆಂಟು ಎಬ್ಬಿಸುವುದನ್ನು ನೋಡಿದ್ದರೆ ಇದು ಸುಲಭ. ಕಂಬ ಬೀಳದಂತೆ ನಾಲ್ಕೂ ಕಡೆ ಗೂಟಕ್ಕೆ ಬಿಗಿದ ಹಗ್ಗ ಇರುತ್ತದೆ, ಜಾತ್ರೆ ಮುಗಿಯುವವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ. ಪರದೆ ಏರಿಸಿ ಇಳಿಸುವ ಹಗ್ಗ ಬೇರೆ, ಅದು ಇಡೀ ರಾತ್ರಿ ಓಡಾಡುತ್ತದೆ. ಹಡಗಿನಲ್ಲೂ ಅಷ್ಟೇ. ಕಂಬವನ್ನು ಹಿಡಿದು ನಿಲ್ಲಿಸುವ ಹಗ್ಗಕ್ಕೆ ಮಳೆ ಬಿಸಿಲು ತಡೆಯಲು ಡಾಂಬರು ಬಳಿಯುತ್ತಿದ್ದರು, ಹಾಗಾಗಿ ಅದು ಕಪ್ಪುಕಂದು. ಹಾಯಿ ಎಳೆಯುವ ಹಗ್ಗ ರಾಟೆಯಲ್ಲಿ ಓಡಬೇಕು, ಅದು ನಾರಿನ ಬಣ್ಣದ್ದೇ. ಮಾದರಿಯಲ್ಲಿ ಈ ಎರಡು ಬಣ್ಣ ಸರಿಯಾಗಿದ್ದರೆ ನೂರಾರು ಹಗ್ಗಗಳ ಗೋಜಲಿನಲ್ಲೂ ನೋಡುವವರಿಗೆ ಯಾವುದು ಏನು ಮಾಡುತ್ತದೆ ಅಂತ ತಿಳಿಯುತ್ತದೆ.

ಹಗ್ಗವನ್ನು ಕೊಳ್ಳಬೇಡಿ, ಹೊಸೆಯಿರಿ. ನನ್ನ ಸೋದರಮಾವ ಇಳಕಲ್ಲಿನಲ್ಲಿ ಮಗ್ಗ ನಡೆಸುತ್ತಾರೆ. ಹಗ್ಗದ ಚಿತ್ರ ತೋರಿಸಿದಾಗ ಅವರು ಮೊದಲು ಕೇಳಿದ್ದು, "ಹುರಿ ಯಾವ ಕಡಿಗೈತಿ?" ಅಂತ. ಸರಿಯಾದ ಪ್ರಶ್ನೆ. ಹಗ್ಗ ಯಾಕೆ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ ಅನ್ನುವುದು ಆ ಪ್ರಶ್ನೆಯಲ್ಲೇ ಇದೆ. ನೂಲನ್ನು ಒಂದು ದಿಕ್ಕಿಗೆ ತಿರುಚಿದರೆ ಅದು ಬಿಚ್ಚಿಕೊಳ್ಳಲು ನೋಡುತ್ತದೆ. ಅಂಥ ನೂಲುಗಳನ್ನು ಸೇರಿಸಿ ಎದುರು ದಿಕ್ಕಿಗೆ ತಿರುಚಿ ಎಳೆ ಮಾಡಿ, ಮೂರು ಎಳೆ ಸೇರಿಸಿ ಮತ್ತೆ ಎದುರು ದಿಕ್ಕಿಗೆ ತಿರುಚಿದರೆ ಒಂದು ಬಿಚ್ಚುವ ಬಲವೇ ಇನ್ನೊಂದನ್ನು ಬಿಗಿ ಮಾಡುತ್ತದೆ. ಹೊಲದಲ್ಲಿ ಪುಂಡಿ ನಾರಿನ ಹಗ್ಗ ಹೊಸೆದವರ ಕೈಗೆ ಇದು ಗೊತ್ತು, ಬಾಯಲ್ಲಿ ಹೇಳಲು ಬಾರದಿದ್ದರೂ. ಹಡಗಿನ ಹೆಚ್ಚಿನ ಹಗ್ಗಗಳಲ್ಲಿ, ನೆಟ್ಟಗೆ ಹಿಡಿದು ನೋಡಿದರೆ, ಸುತ್ತುಗಳು ಕೆಳಗಿನ ಎಡದಿಂದ ಮೇಲಿನ ಬಲಕ್ಕೆ ಏರುತ್ತವೆ. ಲಂಗರಿನ ದಪ್ಪ ಹಗ್ಗ ಇದಕ್ಕೆ ಉಲ್ಟಾ, ಯಾಕಂದರೆ ಅದು ಮೂರು ಪೂರ್ತಿ ಹಗ್ಗಗಳನ್ನು ಮತ್ತೊಮ್ಮೆ ಎದುರು ಹೊಸೆದದ್ದು.

ನನ್ನ ಹೊಸೆಯುವ ಯಂತ್ರ ಎಂದರೆ ಹಲಗೆಯ ಒಂದು ತುದಿಗೆ ಒಟ್ಟಿಗೆ ತಿರುಗುವ ಮೂರು ಕೊಕ್ಕೆ, ಇನ್ನೊಂದು ತುದಿಗೆ ತಾನಾಗಿ ತಿರುಗುವ ಒಂದು ಕೊಕ್ಕೆ, ಅದಕ್ಕೆ ಒಂದು ತೂಕದ ಕಲ್ಲು, ನಡುವೆ ಮೂರು ಗೀರು ಹಾಕಿದ ಮರದ ಬುಗುರಿಯಂಥ ತುಂಡು. ಎಳೆಗಳು ಆ ಗೀರುಗಳಲ್ಲಿ ಬೇರೆ ಬೇರೆಯಾಗಿ ಬಂದು ಬುಗುರಿಯ ಹಿಂದೆ ಒಂದಾಗುತ್ತವೆ. ಹೊಸೆದಾಗ ಉದ್ದ ಕಾಲು ಭಾಗದಷ್ಟು ಕಮ್ಮಿ ಆಗುತ್ತದೆ, ಮೊದಲೇ ಲೆಕ್ಕ ಇಟ್ಟುಕೊಳ್ಳಿ. ನಿಜದ 12 ಸೆಂ.ಮೀ. ದಪ್ಪದ ಹಗ್ಗ ಇಲ್ಲಿ 1.9 ಮಿ.ಮೀ., ಎರಡು ಸೆಂ.ಮೀ.ಯದು 0.3 ಮಿ.ಮೀ. ಇಲ್ಲೂ ಅದೇ ಗುಟ್ಟು: ಹತ್ತಿ ನೂಲಿನ ಅರ್ಧ ಮಿ.ಮೀ. ರೋಮ ಪುಟ್ಟ ನಾವಿಕನ ಲೆಕ್ಕದಲ್ಲಿ 3 ಸೆಂ.ಮೀ. ಗಡ್ಡ. ಹಾಗಾಗಿ ದೀಪದ ಉರಿಯ ಮೇಲೆ ಬೇಗ ಹಾಯಿಸಿ ರೋಮ ಸುಟ್ಟು, ಜೇನುಮೇಣ ಸವರಬೇಕು.

ಇನ್ನು ತೂಕದ ಮಾತು. ನಿಜದ ಹಗ್ಗ ತನ್ನ ಭಾರಕ್ಕೆ ಜೋತು ಬೀಳುತ್ತದೆ, ಚೆಂದದ ಬಾಗು ಬರುತ್ತದೆ. ಮಾದರಿಯ ದಾರಕ್ಕೆ ಭಾರವೇ ಇಲ್ಲ, ಬಿರುಸು ಮಾತ್ರ ಇದೆ. ಅದು ಸಡಿಲ ಬಿಟ್ಟರೆ ಸೊಟ್ಟಗೆ ನಿಲ್ಲುತ್ತದೆ. ತೆಳು ಫೆವಿಕಾಲ್ ನೀರು ತಾಗಿಸಿ, ಒಣಗುವವರೆಗೆ ಸಣ್ಣ ತೂಕ ನೇತುಹಾಕಿ ಆ ಬಾಗನ್ನು ನಾವೇ ಕಲಿಸಬೇಕು. ಹಾಯಿ ಬಟ್ಟೆಯನ್ನು ನಾನು ಬಿಟ್ಟೇ ಬಿಟ್ಟಿರುವುದೂ ಇದೇ ಕಾರಣಕ್ಕೆ. ಸಿಗುವ ತೆಳು ಮಲ್ ಬಟ್ಟೆ 0.15 ಮಿ.ಮೀ. ಇದ್ದರೂ ನಾವಿಕನ ಲೆಕ್ಕದಲ್ಲಿ ಒಂದು ಸೆಂ.ಮೀ. ದಪ್ಪದ ಕಂಬಳಿ. ಹಾಯಿ ಇಲ್ಲದ ಹಡಗಿನ ಹಗ್ಗಗಳ ಜಾಲವೇ ನೋಡಲು ಎಷ್ಟೋ ಚೆಂದ.

ಕಟ್ಟುವ ಕ್ರಮ ಮುಖ್ಯ. ಕಂಬದ ಪಕ್ಕದ ಹಗ್ಗಗಳನ್ನು ಜೋಡಿ ಜೋಡಿಯಾಗಿ ತಲೆಗೆ ಹಾಕಬೇಕು, ಮೊದಲು ಬಲಬದಿಯ ಮುಂದಿನ ಜೋಡಿ, ಆಮೇಲೆ ಎಡಬದಿಯದು, ಹೀಗೆ ಬದಲಿಸುತ್ತ. ಒಂದೇ ಬದಿ ಮುಗಿಸಿದರೆ ಕಂಬ ಆ ಕಡೆ ವಾಲುತ್ತದೆ. ಎಲ್ಲ ಜೋಡಿ ಆದ ಮೇಲೆ ಮುಂದಕ್ಕೆ ಎಳೆಯುವ ದಪ್ಪ ಹಗ್ಗ ಅವುಗಳ ಮೇಲೆ ಕೂರುತ್ತದೆ. ಪಕ್ಕದ ಹಗ್ಗಗಳ ಕೆಳಗಿನ ತುದಿ ಮೂರು ತೂತಿನ ಮರದ ಬಿಲ್ಲೆಗೆ ಬರುತ್ತದೆ, ಅದರ ಕೆಳಗೆ ಹಡಗಿನ ಬದಿಗೆ ಇನ್ನೊಂದು ಬಿಲ್ಲೆ. ಎರಡರ ತೂತುಗಳಲ್ಲಿ ಸಣ್ಣ ಹಗ್ಗ ಮೇಲೆ ಕೆಳಗೆ ಪೋಣಿಸಿ ಎಳೆದರೆ ರಾಟೆಯಂತೆ ಬಲ ಹೆಚ್ಚಾಗಿ ಬಿಗಿಯಾಗುತ್ತದೆ. ಈ ಬಿಲ್ಲೆಗಳೆಲ್ಲ ಲಿಂಬೆ ಕೊಂಬೆಯಿಂದ ಕೊಯ್ದವು, ಇಷ್ಟು ಸಣ್ಣದರಲ್ಲಿ ಮೂರು ತೂತು ಕೊರೆದರೂ ಸೀಳದ ಮರ ಬೇರೆ ನನಗೆ ಸಿಕ್ಕಿಲ್ಲ.

ನಾವಿಕರು ಹತ್ತುವ ಏಣಿಯ ಮೆಟ್ಟಿಲು ಹಗ್ಗಗಳು ಆಮೇಲೆ. ಮೆಟ್ಟಿಲಿಂದ ಮೆಟ್ಟಿಲಿಗೆ ಐದೂವರೆ ಮಿ.ಮೀ., ಪ್ರತಿ ಅಡ್ಡ ಹಗ್ಗವೂ ಪ್ರತಿ ನಿಂತ ಹಗ್ಗಕ್ಕೆ ಗೂಟಕ್ಕೆ ಸುತ್ತುವಂಥ ಎರಡು ಸುತ್ತಿನ ಗಂಟಿನಿಂದ ಕೂರಬೇಕು. ಗಂಟುಗಳು ಸಾವಿರ ದಾಟುತ್ತವೆ. ಅವಸರದಲ್ಲಿ ಒಂದು ಗಂಟು ಜಾಸ್ತಿ ಎಳೆದರೆ ನಿಂತ ಹಗ್ಗಗಳು ನಡುವಲ್ಲಿ ಸೊಂಟದಂತೆ ಒಳಕ್ಕೆ ಬರುತ್ತವೆ. ಹಿಂದೆ ಗೆರೆ ಹಾಕಿದ ಕಾಗದ ಇಟ್ಟುಕೊಂಡು ನಡುವಿನ ಹಗ್ಗದಿಂದ ಹೊರಕ್ಕೆ ಕಟ್ಟುತ್ತ ಹೋಗಿ, ದಿನಕ್ಕೆ ಐವತ್ತು ಗಂಟಿಗಿಂತ ಜಾಸ್ತಿ ಬೇಡ.

ಹತ್ತಿ ಹುರಿಗೆ ಇನ್ನೊಂದು ಗುಣ ಇದೆ. ತೇವ ತಾಗಿದರೆ ಬಿಗಿಯಾಗುತ್ತದೆ, ಒಣಗಿದರೆ ಸಡಿಲ. ಈಗ ಶ್ರಾವಣ, ಘಟಪ್ರಭೆಯ ಕಡೆಯಿಂದ ತಂಪು ಗಾಳಿ ಬರುತ್ತಿದೆ, ನಿನ್ನೆ ಬಿಗಿದ ಹಗ್ಗ ಇವತ್ತು ವೀಣೆಯ ತಂತಿಯಂತೆ ನಿಂತಿದೆ. ಇದಕ್ಕೆ ಮೋಸ ಹೋಗಿ ಈಗಲೇ ಕೊನೆಯ ಗಂಟು ಹಾಕಿದರೆ ಬೇಸಿಗೆಯಲ್ಲಿ ಎಲ್ಲ ಜೋಲುತ್ತದೆ. ಅದಕ್ಕೇ ಬಿಲ್ಲೆಗಳ ಸಣ್ಣ ಹಗ್ಗಗಳಿಗೆ ಬಿಚ್ಚಬಹುದಾದ ಸರಗಂಟು ಮಾತ್ರ ಹಾಕಿ ಬಿಟ್ಟಿದ್ದೇನೆ. ನಡುಗಂಬದ ಎಡಬದಿಯಲ್ಲಿ ನಾಲ್ಕನೇ ಜೋಡಿ ಈ ವಾರ ಆಗುತ್ತದೆ. ಕೀಲಿಗೆ ನಮ್ಮ ಓಣಿಯ ಪತ್ತಾರರು ಕೊಟ್ಟ ಬೆಳ್ಳಿ ತಂತಿಯ ಚೂರನ್ನು ಮೊಳೆಯಾಗಿ ಹೊಡೆದಿದ್ದೆ, ಅದು ಹಲಗೆ ಮತ್ತು ತಾಮ್ರದ ಒಳಗೆ ಆಗಲೇ ಮುಚ್ಚಿಹೋಗಿದೆ. ಕೊನೆಯ ಗಂಟುಗಳನ್ನು ಸಂಕ್ರಾಂತಿ ಕಳೆದು ಗಾಳಿ ಒಣಗಿದ ಮೇಲೆ ಹಾಕುತ್ತೇನೆ.